ಬಿಕಾಸ್ ಇಲ್ಲದ ಪ್ಯಾಸೇಜು

ಬಿ.ಎ. ಮುಗಿಸಿಕೊಂಡು ಮೈಸೂರಿನಿಂದ ಗುಂಡ್ಲುಪೇಟೆಗೆ ವಾಪಸು ಬಂದ ವರ್ಷ ನನಗೆ ಬಿ.ಇಡಿ. ಸೀಟು ಸಿಗಲಿಲ್ಲ. ಮತ್ತೆ ಅರ್ಜಿ ಕರೆಯುವವರೆಗೆ ಮನೆಯಲ್ಲೇ ಇರಬೇಕಾಯಿತು. ತೊಂಬತ್ತರ ದಶಕದ ಮೊದಲ ಭಾಗ. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಮೈಸೂರು ಜಿಲ್ಲೆಯವರೇ ಆಗಿದ್ದೆವು. ನಮ್ಮಪ್ಪ ಕರೆಂಟ್ ಆಫೀಸಿನಲ್ಲಿ ಕೆಲಸದಲ್ಲಿದ್ದರು. ಅವರ ಪರಿಚಯದವರೊಬ್ಬರ ಗೊಬ್ಬರದ ಅಂಗಡಿ ಬಸ್ ಸ್ಟ್ಯಾಂಡಿನ ಹತ್ತಿರ ಇತ್ತು. ಅದರ ಮಹಡಿಯ ರೂಮು ಖಾಲಿ ಬಿದ್ದಿತ್ತು. "ಮನೇಲಿ ಕೂತು ಏನ್ಮಾಡ್ತೀಯ? ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನಲ್ಲಿ ಹೋದೋರು ಊರ ತುಂಬ ಇದ್ದಾರೆ. ಹೇಳ್ಕೊಡು," ಅಂದರು ಅಪ್ಪ. ಹೀಗೆ ನನ್ನ ಟ್ಯೂಷನ್ ಶುರುವಾಯಿತು.

ಕೆಳಗಿನಿಂದ ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಬೆಳಿಗ್ಗೆ ಹೊತ್ತು ರಸ್ತೆಯಲ್ಲಿ ಈರುಳ್ಳಿ, ತರಕಾರಿ ತುಂಬಿಕೊಂಡು ಕೇರಳಕ್ಕೆ ಹೊರಡುವ ಲಾರಿಗಳು ಸಾಲಾಗಿ ನಿಂತಿರುತ್ತಿದ್ದವು. ಒಂದು ಲಾರಿ ಹಾರನ್ ಹೊಡೆದರೆ ನಾನು ವಾಕ್ಯವನ್ನು ಅರ್ಧದಲ್ಲೇ ನಿಲ್ಲಿಸಿ ಕಾಯಬೇಕಾಗಿತ್ತು. ಬೆಂಚು ಇರಲಿಲ್ಲ. ಅಂಗಡಿಯವರು ಕೊಟ್ಟ ಖಾಲಿ ಚೀಲಗಳನ್ನು ಮಡಚಿ ಹಾಸಿಕೊಂಡು ಹುಡುಗ ಹುಡುಗಿಯರು ಕೂರುತ್ತಿದ್ದರು. ಎಲ್ಲ ವಿಷಯದಲ್ಲೂ ಪಾಸಾಗಿ ಇಂಗ್ಲಿಷ್ ಒಂದನ್ನು ಉಳಿಸಿಕೊಂಡವರೇ ಅವರೆಲ್ಲ. ಅಕ್ಟೋಬರ್ ಪರೀಕ್ಷೆಗೆ ಮತ್ತೆ ಕಟ್ಟಿದ್ದರು.

ಅವರಿಗೆ ಇಂಗ್ಲಿಷ್ ಕಲಿಸುವಷ್ಟು ಸಮಯ ಇರಲಿಲ್ಲ. ಪಾಸು ಮಾಡಿಸುವಷ್ಟು ಇತ್ತು. ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಮುಂದೆ ಹರಡಿಕೊಂಡು ನೋಡಿದಾಗ, ಪ್ಯಾಸೇಜು ಓದಿ ಉತ್ತರ ಬರೆಯುವ ಭಾಗದಲ್ಲಿ ಅಂಕ ತೆಗೆಯುವುದು ಸುಲಭ ಅನ್ನಿಸಿತು. ಉತ್ತರ ಅಲ್ಲೇ, ಕಣ್ಣ ಮುಂದೆಯೇ ಇರುತ್ತದೆ. ಹುಡುಕಿ ನಕಲು ಮಾಡಿದರಾಯಿತು. ಹಾಗಾಗಿ ನಾನು ಮೊದಲ ದಿನದಿಂದಲೇ ಒಂದು ಉಪಾಯ ಹೇಳಿಕೊಟ್ಟೆ. ಪ್ರಶ್ನೆಯಲ್ಲಿ 'ಹೂ' ಅಂತ ಇದ್ದರೆ ದೊಡ್ಡಕ್ಷರದಲ್ಲಿ ಶುರುವಾಗುವ ಹೆಸರು ಹುಡುಕು. 'ವೇರ್' ಅಂತ ಇದ್ದರೆ 'ಇನ್' ಅಥವಾ 'ಅಟ್' ಎಲ್ಲಿದೆ ನೋಡು. 'ವೈ' ಅಂತ ಇದ್ದರೆ 'ಬಿಕಾಸ್' ಹುಡುಕು, ಅಲ್ಲಿಂದ ಫುಲ್‌ಸ್ಟಾಪ್ ವರೆಗೆ ಹಾಗೇ ಇಳಿಸು. ಇದು ಕೆಲಸ ಮಾಡುತ್ತಿತ್ತು. ಅರ್ಥವಾಗದಿದ್ದರೂ ಉತ್ತರ ಸರಿಯಾಗುತ್ತಿತ್ತು.

ವ್ಯಾಕರಣ ಇಷ್ಟು ಸುಲಭಕ್ಕೆ ಬಗ್ಗುತ್ತಿರಲಿಲ್ಲ. 'ಹುಡುಗ ಹಣ್ಣು ತಿಂದನು' ಎಂಬುದನ್ನು 'ಹಣ್ಣು ಹುಡುಗನಿಂದ ತಿನ್ನಲ್ಪಟ್ಟಿತು' ಎಂದು ಇಂಗ್ಲಿಷಿನಲ್ಲಿ ಮಾಡಿಸಬೇಕು. ಲಾರಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಯುವಕ, "ಯಾರ್ ಮಿಸ್ ಹಿಂಗೆ ಮಾತಾಡದು?" ಎಂದು ಕೇಳಿದ್ದ. ಯಾರೂ ಮಾತಾಡುವುದಿಲ್ಲ, ಪರೀಕ್ಷೆಯಲ್ಲಿ ಮಾತ್ರ ಬರೆಯುತ್ತಾರೆ ಎಂದು ನಾನು ಹೇಳಿದೆ. ಅವನಿಗೆ ಅದು ಒಪ್ಪಿಗೆಯಾಯಿತು.

ಟ್ಯೂಷನ್ ಶುರುವಾಗಿ ಸ್ವಲ್ಪ ದಿನಕ್ಕೆ ಅತ್ತೆ ಸೊಸೆ ಇಬ್ಬರು ಮೆಟ್ಟಿಲು ಹತ್ತಿ ಬಂದರು. ಬೇಗೂರಿನಿಂದ ಇನ್ನೂ ಒಳಗೆ ಹೋಗಬೇಕಾದ ಒಂದು ಹಳ್ಳಿಯವರು. ಅತ್ತೆಗೆ ಐವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ. ಸೊಸೆ ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಅತ್ತೆಯ ಕೈಯಲ್ಲಿ ಖಾಲಿ ಬಿದಿರು ಮಂಕರಿ ಇತ್ತು. ಹೊಲದಲ್ಲಿ ಬೆಳೆದ ಬೀನ್ಸನ್ನು ತರಕಾರಿ ಮಂಡಿಗೆ ಹಾಕಿ ಬಂದಿದ್ದರು.

"ನಮ್ಮ ಸೊಸ ಕಣ್ ಟೀಚ್ರಮ್ಮ," ಅಂದರು ಅತ್ತೆ. "ಎಲ್ಲಾದ್ರಲ್ಲೂ ಪಾಸಾಗವಳ, ಇಂಗ್ಲೀಸ್ ಒಂದ ಬುಟ್ಬುಟ್ಟವಳ. ಒಸಿ ಏಳ್ಕೊಡಿ."

"ಮದುವೆಗೆ ಮುಂಚೆ ಬರೆದಿದ್ದ ಪರೀಕ್ಷೆಯಾ?" ಎಂದು ನಾನು ಸೊಸೆಯನ್ನು ಕೇಳಿದೆ. ಆಕೆ ತಲೆಯಾಡಿಸಿದಳು. ಉತ್ತರ ಅತ್ತೆಯೇ ಕೊಟ್ಟರು.

"ನಮ್ಮೂರ್ಗ ಅಂಗನವಾಡಿ ಬತ್ತದಂತ. ಪಾಸಾಗಿರೋರ್ಗೇ ಕೊಡದಂತ. ನಾನು ಕಳ ಕಿತ್ತು ಕಿತ್ತು ಮಂಡಿಚಿಪ್ಪು ಎರಡೂ ಸವ್ದೋದೊ. ಇವ್ಳಾದ್ರು ನೆಳ್ಳಲ್ಲಿ ಕೂತ್ಕಂಡು ಮಾಡಕ ಒಂದ್ ಕೆಲ್ಸ ಆಗ್ಲಿ ಅಂತ."

ಗಂಡನ ಅಭಿಪ್ರಾಯ ಏನು ಎಂದು ನಾನು ಕೇಳಲಿಲ್ಲ. ಆತ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾನೆ, ಬೇಡ ಅಂದಿಲ್ಲ ಎಂದು ಆಮೇಲೆ ಗೊತ್ತಾಯಿತು. ಅತ್ತೆ ರೂಮಿನ ಮೂಲೆ ನೋಡಿಕೊಂಡು ಗೋಡೆಗೆ ಒರಗಿ ಕೂತರು.

"ನೀವೂ ಇಲ್ಲೇ ಇರ್ತೀರಾ ಅಮ್ಮ?"

"ಇನ್ನೆಲ್ಲೋಗನ? ನಮ್ಮೂರ್ ಕಡ ಬಸ್ಸು ಮಧ್ಯಾನಕ್ಕ ತಾನೆ ಇರದು. ನನ್ ಪಾಡ್ಗ ನಾನು ಕೂತಿರ್ತೀನಿ, ನೀವು ಪಾಠ ಮಾಡಿ."

ಅಂದಿನಿಂದ ವಾರದಲ್ಲಿ ಮಂಡಿಗೆ ಬರುವ ದಿನಗಳಲ್ಲೆಲ್ಲ ಅವರು ಬಂದು ಅದೇ ಮೂಲೆಯಲ್ಲಿ ಕೂರುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಮೊದಲಲ್ಲಿ ಹುಡುಗರಿಗೆ ಮುಜುಗರ ಆಯಿತು, ಆಮೇಲೆ ಅಭ್ಯಾಸವಾಯಿತು. ಸೊಸೆ ಮುಂದಿನ ಸಾಲಿನಲ್ಲಿ ಕೂತು, ನಾನು ಹೇಳಿದ ಉಪಾಯವನ್ನು ಎಲ್ಲರಿಗಿಂತ ಬೇಗ ಹಿಡಿದುಕೊಂಡಳು. ಪ್ರಶ್ನೆ ಕೇಳಿ ಮುಗಿಯುವುದರೊಳಗೆ ಅವಳ ಬೆರಳು ಸರಿಯಾದ ಸಾಲಿನ ಮೇಲೆ ಇರುತ್ತಿತ್ತು. ಇವಳು ಪಾಸಾಗುತ್ತಾಳೆ ಎಂದು ನಾನು ನಂಬಿದ್ದೆ.

ಒಂದು ದಿನ ಕತ್ತೆಯ ಪ್ಯಾಸೇಜು ಮಾಡಿಸಿದೆ. ಬೆಟ್ಟದ ಮೇಲಿನ ಒಂದು ಹಳ್ಳಿಗೆ ಒಬ್ಬಾತ ಕತ್ತೆಯ ಮೇಲೆ ಟಪಾಲು ಹೇರಿಕೊಂಡು ಹೋಗುತ್ತಿರುತ್ತಾನೆ. ಒಂದು ತಿರುವಿನಲ್ಲಿ ಕತ್ತೆ ನಿಂತುಬಿಡುತ್ತದೆ. ಎಳೆದರೂ ಹೊಡೆದರೂ ಕದಲುವುದಿಲ್ಲ. ಆತ ಬೇಸತ್ತು ಅಲ್ಲೇ ಕೂರುತ್ತಾನೆ. ಅಷ್ಟರಲ್ಲಿ ಮುಂದಿನ ದಾರಿಯ ಮೇಲೆ ಬಂಡೆಗಳು ಉರುಳಿ ಬೀಳುತ್ತವೆ. ಅಲ್ಲಿಗೆ ಪ್ಯಾಸೇಜು ಮುಗಿಯುತ್ತದೆ. ಕೊನೆಯ ಪ್ರಶ್ನೆ, ಕತ್ತೆ ಯಾಕೆ ನಿಂತಿತು ಎಂದು.

"ಬಿಕಾಸ್ ಎಲ್ಲೂ ಇಲ್ವಲ್ಲ ಮಿಸ್," ಅಂದಳು ಸೊಸೆ. ಎಲ್ಲರೂ ಹುಡುಕಿದರು. ಇರಲಿಲ್ಲ.

ಬಿಕಾಸ್ ಇಲ್ಲದಿದ್ದರೆ ಹತ್ತಿರದ ಸಾಲು ಬರೆಯಿರಿ, ಅರ್ಧ ಅಂಕವಾದರೂ ಬರುತ್ತದೆ ಎಂದು ನಾನು ಹೇಳಿದೆ. ಎಲ್ಲರೂ ಬರೆದುಕೊಂಡರು. ಪಾಠ ಮುಗಿದು ಅವರು ಏಳುವಾಗ ಅತ್ತೆ ಮಂಕರಿ ಎತ್ತಿಕೊಳ್ಳುತ್ತಾ ಸೊಸೆಯನ್ನು ಕೇಳಿದರು.

"ಅದೇನಮ್ಮಿ, ಡಾಂಕಿ ಡಾಂಕಿ ಅಂತಿದ್ರಲ್ಲ ಎಲ್ಲಾರೂ?"

"ಕತ್ತ, ಅತ್ತ."

ಹುಡುಗರು ನಕ್ಕುಬಿಟ್ಟರು. ಅತ್ತೆಗೂ ನಗು ಬಂತು. ನಗು ನಿಂತ ಮೇಲೆ ಮತ್ತೆ ಕೇಳಿದರು, "ಸರಿ, ಆ ಕತ್ತಗ ಏನಾಯ್ತು?"

ಸೊಸೆ ಬರೆದ ಹಾಳೆ ತಿರುಗಿಸಿ ನೋಡಿದಳು. ನನ್ನ ಮುಖ ನೋಡಿದಳು. ಅವಳು ಬರೆದ ಉತ್ತರಗಳನ್ನು ನಾನು ಆಗತಾನೆ ತಿದ್ದಿದ್ದೆ. ಕೊನೆಯದೊಂದು ಬಿಟ್ಟು ಎಲ್ಲವೂ ಸರಿಯಾಗಿದ್ದವು. ಆದರೆ ಕತ್ತೆಗೆ ಏನಾಯಿತು ಎಂದು ಅವಳಿಗೆ ಗೊತ್ತಿರಲಿಲ್ಲ.

"ಅಷ್ಟೊತ್ತಿಂದ ಬರೀತಿದ್ದಲ್ಲ ಕಣಮ್ಮಿ. ಏನ್ ಬರ್ದೆ ಮತ್ತ?" ಅತ್ತೆಯ ದನಿಯಲ್ಲಿ ಕೋಪ ಇರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದರು ಅಷ್ಟೇ. ಬೇರೆ ಯಾರಾದರೂ ಹೇಳುತ್ತಾರೇನೋ ಎಂದು ನಾನು ಸುತ್ತ ನೋಡಿದೆ. ಕೊನೆಗೆ ನಾನೇ ಕತೆ ಹೇಳಿದೆ. ಅತ್ತೆ ಮಂಕರಿಯನ್ನು ಸೊಂಟದ ಮೇಲೆ ಇಟ್ಟುಕೊಂಡೇ ಕೇಳಿದರು.

"ಆಮ್ಯಾಕ?"

"ಅಷ್ಟೇ ಅಮ್ಮ. ಅಲ್ಲಿಗೆ ಮುಗೀತು."

"ಟಪಾಲು ತಲುಪ್ತೊ ಇಲ್ವೊ?"

"ಅದು ಬರೆದಿಲ್ಲ."

"ಪರೀಕ್ಷ ಅಂದ್ಮ್ಯಾಲ ಅರ್ಧಂಬರ್ಧ ಕತ ಯಾಕ ಕೊಟ್ಟಾರು?" ಎಂದು ಅವರು ಮೆಟ್ಟಿಲು ಇಳಿದು ಹೋದರು. ಹುಡುಗರೂ ಹೋದರು. ನಾನು ಚೀಲಗಳನ್ನು ಮಡಚಿಡುತ್ತಾ, ಇಷ್ಟು ದಿನ ಮಾಡಿಸಿದ ಪ್ಯಾಸೇಜುಗಳಲ್ಲಿ ಎಷ್ಟರ ಕತೆ ಇವರಿಗೆ ಗೊತ್ತಿರಬಹುದು ಎಂದು ಯೋಚಿಸಿದೆ. ಒಂದರದೂ ಇರಲಾರದು ಅನ್ನಿಸಿತು.

ಮುಂದಿನ ಪಾಠದಿಂದ ಹೊಸ ಕ್ರಮ ಮಾಡಿದೆ. ಪ್ಯಾಸೇಜು ಓದಿದ ಮೇಲೆ, ಪ್ರಶ್ನೆ ನೋಡುವ ಮೊದಲು, ಯಾರಾದರೊಬ್ಬರು ಎದ್ದು ನಿಂತು ಮೂಲೆಯಲ್ಲಿ ಕೂತ ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಬೇಕು. ಉಪಾಯವನ್ನೇನೂ ನಾನು ಬಿಡಿಸಲಿಲ್ಲ. ಬಿಕಾಸ್ ಇದ್ದಾಗ ಬಿಕಾಸ್ ಹುಡುಕುವುದರಲ್ಲಿ ತಪ್ಪೇನೂ ಇರಲಿಲ್ಲ. ಮೊದಮೊದಲು ಅವರು ಹೇಳುತ್ತಿದ್ದ ಕತೆಗಳಿಗೆ ತಲೆಬುಡ ಇರುತ್ತಿರಲಿಲ್ಲ. ಅತ್ತೆ, "ಇರ್ಲಾ, ಅವ್ನು ಇನ್ನೂ ಊರ್ನೇ ಬುಟ್ಟಿಲ್ಲ, ಪ್ಯಾಟ್ಗ ಹೆಂಗ್ ಬಂದ?" ಎಂದು ಲಾರಿ ಶೆಡ್ಡಿನವನನ್ನು ತಡೆದು ಕೇಳುವರು. ಅವನು ಮತ್ತೆ ಪುಸ್ತಕ ನೋಡಿ, ಬಿಟ್ಟುಹೋದ ಸಾಲನ್ನು ಹುಡುಕುವನು.

ಸೊಸೆ ಕಷ್ಟಪಟ್ಟಳು. ಅತ್ತೆಯ ಮುಂದೆ ನಿಂತು ಮಾತಾಡುವುದೇ ಅವಳಿಗೆ ಕಷ್ಟವಾಗಿತ್ತು. ಆದರೆ ಬಸ್ಸಿನಲ್ಲಿ, ಬೇಗೂರಿನಿಂದ ಊರಿಗೆ ನಡೆಯುವ ದಾರಿಯಲ್ಲಿ ಇಬ್ಬರೂ ಅದನ್ನೇ ಮಾತಾಡಿಕೊಂಡು ಹೋಗುತ್ತಿದ್ದರಂತೆ. ನಿಧಾನವಾಗಿ ಅವಳಿಗೆ ಮಾತು ಬಂತು.

ಆಷಾಢ ಕಳೆದ ಮೇಲೆ ಒಂದು ದಿನ ಅತ್ತೆ ಒಬ್ಬರೇ ಬಂದರು. ಸೊಸೆ ಬಸುರಿ. ಹಿಂದೊಂದು ಸಲ ನಿಂತದ್ದು ಹೋಗಿತ್ತು. ಈ ಸಲವೂ ಸ್ವಲ್ಪ ರಕ್ತ ಕಂಡು ಹೆದರಿ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಬಸ್ಸು ಹತ್ತಬಾರದು, ಭಾರ ಎತ್ತಬಾರದು, ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿದ್ದರು.

"ಹಾಗಾದರೆ ಈ ಸಲ ಪರೀಕ್ಷೆ ಬೇಡ ಅಮ್ಮ. ಮಾರ್ಚಿಗೆ ನೋಡೋಣ," ಅಂದೆ.

"ಮಾರ್ಚಿಗ ಕೂಸು ಕೈಲಿರತದ. ಆಗ ಓದಾದ?" ಅಂದರು ಅತ್ತೆ. "ಅವ್ಳೂ ಒಪ್ಪಲ್ಲ ಕಣವ್ವ. ಮಲಗ್ದಲ್ಲೇ ಓದ್ತೀನಿ ಅಂತವಳ. ನೀವು ಬರ್ಕೊಡಿ, ನಾನು ತಕ್ಕೊಂಡೋಯ್ತೀನಿ. ಕತನೂ ಏಳಿ, ಅವ್ಳಿಗ ಏಳ್ತೀನಿ."

ಆ ದಿನದ ಪ್ಯಾಸೇಜು ಒಂದು ಜಟಕಾ ಕುದುರೆಯದು. ಮಳೆ ಬಂದು ರಸ್ತೆ ಜಾರುತ್ತಿದ್ದುದರಿಂದ ಕುದುರೆ ದಿಣ್ಣೆ ಹತ್ತುವುದಿಲ್ಲ. ನಾನು ಹಾಳೆಯಲ್ಲಿ ಬರೆದುಕೊಟ್ಟು, ಕತೆಯನ್ನು ಬಾಯಲ್ಲಿ ಹೇಳಿ ಕಳಿಸಿದೆ. ಮುಂದಿನ ಮಂಡಿಯ ದಿನ ಅತ್ತೆ ಉತ್ತರದ ಹಾಳೆ ತಂದರು. ಕುದುರೆ ಯಾಕೆ ಹತ್ತಲಿಲ್ಲ ಎಂಬುದಕ್ಕೆ, ರಸ್ತೆ ಒದ್ದೆಯಾಗಿತ್ತು ಮತ್ತು ಕುದುರೆ ಬಸುರಿಯಾಗಿತ್ತು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. 'ಪ್ರೆಗ್ನೆಂಟ್' ಎಂಬ ಪದದ ಸ್ಪೆಲ್ಲಿಂಗ್ ಸರಿಯಾಗಿತ್ತು. ಆಸ್ಪತ್ರೆಯ ಚೀಟಿ ನೋಡಿ ಬರೆದಿದ್ದಳು.

"ಅಮ್ಮ, ಕುದುರೆ ಬಸುರಿ ಅಂತ ನಾನು ಹೇಳಿರಲಿಲ್ಲವಲ್ಲ."

ಅತ್ತೆ ಹಾಳೆಯ ಕಡೆ ಬಗ್ಗಿ ನೋಡಿದರು. "ನಾನೇ ಏಳ್ದೆ. ಬರೀ ಮಳಗ ನಿಂತ್ಬುಡತದ ಕುದುರ? ಬಸುರಿ ಆಗಿದ್ರೂ ಆಗಿರ್ಬೌದು. ಇಲ್ಲ ಅಂತಾನೂ ಬರ್ದಿಲ್ವಲ್ಲ."

ಪ್ಯಾಸೇಜಿನಲ್ಲಿ ಇದ್ದದ್ದನ್ನು ಮಾತ್ರ ಬರೆಯಬೇಕು, ಇಲ್ಲದ್ದು ಸೇರಿಸಿದರೆ ಅಂಕ ಹೋಗುತ್ತದೆ ಎಂದು ವಿವರಿಸಿದೆ. ಅವರಿಗೆ ಅಂಕದ ಮಾತು ಅರ್ಥವಾಯಿತು. "ಅಂಗಾರ ನಂಗ ಕತ ಏಳ್ಬ್ಯಾಡಿ ಬುಡಿ. ಅವ್ಳೇ ಓದಿ ನಂಗ ಏಳ್ಲಿ," ಅಂದರು.

ಅಲ್ಲಿಂದ ಮುಂದೆ ಅದು ಹಾಗೆಯೇ ನಡೆಯಿತು. ಅತ್ತೆ ಹಾಳೆಯನ್ನು ಮಡಚಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡು ಹೋಗುವರು. ಸೊಸೆ ಮಂಚದ ಮೇಲೆ ಮಲಗಿ ಓದಿ, ಅವರಿಗೆ ಕನ್ನಡದಲ್ಲಿ ಹೇಳುವಳು. ಮತ್ತೆ ಬಂದಾಗ ಅತ್ತೆ ನನ್ನ ಮುಂದೆ ಕೂತು, ಸೊಸೆ ಹೇಳಿದ್ದನ್ನು ಒಂದೂ ಬಿಡದೆ ಒಪ್ಪಿಸುವರು. ಅದನ್ನು ಕೇಳಿದರೆ ಸೊಸೆಗೆ ಎಲ್ಲಿ ಅರ್ಥವಾಗಿದೆ, ಎಲ್ಲಿ ತಪ್ಪಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಬರೆದ ಉತ್ತರದಲ್ಲಿ ಅದು ಅಷ್ಟು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಅವರು, "ಮುದುಕ ಎಡಗೈಲಿ ಕೊಡ ಇಡ್ಕಂಡು ರೈಲು ಇಳ್ದನಂತ," ಅಂದರು. ಪ್ಯಾಸೇಜಿನಲ್ಲಿ ಮುದುಕ ಕೊಡೆಯನ್ನು ರೈಲಿನಲ್ಲೇ ಬಿಟ್ಟು ಇಳಿದಿದ್ದ. 'ಲೆಫ್ಟ್' ಅಂದರೆ ಎಡ ಎಂದು ಮಾತ್ರ ಅವಳಿಗೆ ಗೊತ್ತಿತ್ತು. ಅದಕ್ಕೆ ಇನ್ನೊಂದು ಅರ್ಥ ಇದೆ ಎಂದು ಹಾಳೆಯ ಅಂಚಿನಲ್ಲಿ ಬರೆದು ಕಳಿಸಿದೆ.

ವ್ಯಾಕರಣದ ಸಂದೇಹಗಳೂ ಅತ್ತೆಯ ಮೂಲಕವೇ ಬರುತ್ತಿದ್ದವು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಹೇಳುವಂತೆ ಬದಲಾಯಿಸುವ ಪ್ರಶ್ನೆ ಪ್ರತಿ ಪರೀಕ್ಷೆಯಲ್ಲೂ ಇರುತ್ತಿತ್ತು. ಅದರಲ್ಲಿ 'ನಾಳೆ' ಎಂಬುದನ್ನು 'ಮರುದಿನ' ಎಂದು ಮಾಡಬೇಕು. "ನಾಳ ಅನ್ನದು ಮಾರ್ನೆ ದಿನ ಯಾಕ ಆಯ್ತದ ಕೇಳ್ಕಂಡ್ ಬಾ ಅಂದ್ಲು," ಅಂದರು ಅತ್ತೆ.

"ನಿನ್ನೆ ಮನೇಲಿ ಅವಳು ನಿಮಗೆ 'ನಾಳೆ ಹಾಳೆ ತಗೊಂಡು ಬಾ' ಅಂದಳು ತಾನೆ? ಅವಳು ಹೇಳಿದ ನಾಳೆ ಯಾವತ್ತು?"

"ಇವತ್ತು."

"ಅದನ್ನ ನೀವು ಈಗ ನನಗೆ ಹೇಳುವಾಗ, ನಾಳೆ ತಗೊಂಡು ಬರಬೇಕಂತೆ ಅಂತ ಹೇಳ್ತೀರಾ?"

"ಅಂಗಂದ್ರ ತಪ್ಪಾಯ್ತದ." ಅವರು ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿ, "ಅವ್ಳ ನಾಳ ನಂಗ ಇವತ್ತು. ಅಷ್ಟೇ ತಾನೆ? ಏಳ್ತೀನಿ ಬುಡಿ," ಅಂದರು. ಅದನ್ನು ಅವರು ಏನೆಂದು ಹೇಳಿದರೋ ನನಗೆ ತಿಳಿಯದು. ಮುಂದಿನ ಹಾಳೆಯಲ್ಲಿ ಆ ಲೆಕ್ಕದ ವಾಕ್ಯಗಳೆಲ್ಲ ಸರಿಯಾಗಿದ್ದವು.

ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ನನಗೆ ಭಯವಾಗತೊಡಗಿತು. ಇಂಗ್ಲಿಷಿನ ಮೂರು ಗಂಟೆಗಾಗಿ ಏನಾದರೂ ಹೆಚ್ಚುಕಮ್ಮಿ ಆದರೆ ಎಂದು ಅಪ್ಪನ ಹತ್ತಿರ ಹೇಳಿಕೊಂಡೆ. "ಅದನ್ನ ನೀನು ತೀರ್ಮಾನ ಮಾಡಬೇಡ, ಡಾಕ್ಟರು ಮಾಡಲಿ," ಅಂದರು ಅವರು. ಸೊಸೆಯ ಗಂಡ ಅವಳನ್ನು ಬಾಡಿಗೆ ಕಾರಿನಲ್ಲಿ ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದ. ಏಳು ತುಂಬಿದೆ, ಈಗ ಪರವಾಗಿಲ್ಲ, ಮೆಲ್ಲಗೆ ಹೋಗಿ ಬರಬಹುದು ಎಂದು ಡಾಕ್ಟರು ಹೇಳಿದರಂತೆ.

ಪರೀಕ್ಷೆಯ ದಿನ ನಾನೂ ಗುಂಡ್ಲುಪೇಟೆಯಲ್ಲಿ ಅವರಿಗೆ ಸೆಂಟರ್ ಬಿದ್ದಿದ್ದ ಹೈಸ್ಕೂಲಿನ ಗೇಟಿಗೆ ಹೋದೆ. ಕಾರು ಬಂದು ನಿಂತು ಸೊಸೆ ಇಳಿದಾಗ ನನಗೆ ಒಂದು ಕ್ಷಣ ಗುರುತು ಸಿಗಲಿಲ್ಲ. ಮಲಗಿ ಮಲಗಿ ಮುಖ ತುಂಬಿಕೊಂಡಿತ್ತು, ಬಣ್ಣ ತಿಳಿಯಾಗಿತ್ತು. ಅವಳು ನನ್ನ ಕೈ ಹಿಡಿದುಕೊಂಡು, "ಬಿಕಾಸ್ ಇಲ್ದೆ ಇದ್ರೆ ನಾನೇ ಬರೀಬೋದಾ ಮಿಸ್?" ಎಂದು ಕೇಳಿದಳು. ಬರೆಯಬಹುದು, ಕತೆಯಲ್ಲಿ ಇರುವುದರಿಂದ ತಿಳಿಯುವಂಥದ್ದಾದರೆ ಬರೆಯಬಹುದು ಎಂದೆ.

ಅತ್ತೆ ಹೊಂಗೆ ಮರದ ಕೆಳಗೆ ಕೂತರು. ಜೊತೆಗೆ ಬಂದಿದ್ದ ಅವರ ಮಗ ಕಾರಿನವನ ಜೊತೆ ಟೀ ಕುಡಿಯಲು ಹೋದ. ನಾನು ಅತ್ತೆಯ ಪಕ್ಕದಲ್ಲಿ ಕೂತೆ. ಪ್ಯಾಸೇಜು ಇಲ್ಲದೆ ನಾವಿಬ್ಬರು ಕೂತದ್ದು ಅದೇ ಮೊದಲು. ಅವರು ಆಗಾಗ ಎದ್ದು ಗೇಟಿನವರೆಗೆ ಹೋಗಿ, ಕಾಣಿಸದ ಕೋಣೆಯ ಕಡೆ ನೋಡಿ ಬರುತ್ತಿದ್ದರು.

ಬೆಲ್ಲು ಹೊಡೆದ ಮೇಲೆ ಹುಡುಗರೆಲ್ಲ ಬಂದರು. ಲಾರಿ ಶೆಡ್ಡಿನವನು ಪ್ರಶ್ನೆಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು, "ವೈ ಕೇಳವ್ರೆ ಮಿಸ್, ಬಿಕಾಸ್ ಇಲ್ಲ," ಅಂದ. ಸೊಸೆ ಎಲ್ಲರಿಗಿಂತ ಕೊನೆಗೆ, ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು. ಅತ್ತೆ ಅವಳಿಗೆ ಮಜ್ಜಿಗೆ ಕುಡಿಸಿದರು. ಕುಡಿದು ಮುಗಿಸುವವರೆಗೂ ತಡೆದುಕೊಂಡು, ಆಮೇಲೆ ಕೇಳಿದರು.

"ಏನ್ ಕತ ಕೊಟ್ಟಿದ್ರಮ್ಮಿ?"

ಅವಳು ಹೇಳಿದಳು. ಇಬ್ಬರು ಅಕ್ಕಪಕ್ಕದ ಮನೆಯವರು. ಇಬ್ಬರ ಜಾಗದ ಗಡಿಯಲ್ಲಿ ಒಂದು ಮಾವಿನ ಮರ. ನಂದು ನಂದು ಅಂತ ಇಬ್ಬರಿಗೂ ಜಗಳ, ಮಾತು ಬಿಟ್ಟು ವರ್ಷಗಳಾಗಿವೆ. ಒಂದು ದಿನ ಬಿರುಗಾಳಿ ಬಂದು ಮರ ಬಿದ್ದುಹೋಗುತ್ತದೆ. ಬೆಳಿಗ್ಗೆ ನೋಡಿದರೆ ಇಬ್ಬರೂ ಬಿದ್ದ ಮರದ ದಿಮ್ಮಿಯ ಮೇಲೆ ಜೊತೆಯಲ್ಲಿ ಕೂತಿದ್ದಾರೆ.

"ಯಾಕೆ ಜೊತೇಲಿ ಕೂತಿದ್ರು ಅಂತ ಕೇಳಿದ್ರು ಮಿಸ್," ಎಂದಳು ನನ್ನ ಕಡೆ ತಿರುಗಿ. "ಜಗಳ ಆಡಕ್ಕೆ ಮರ ಇರ್ಲಿಲ್ಲ ಅಂತ ಬರ್ದೆ. ಸರೀನಾ?"

ನಾನು ಪ್ರಶ್ನೆಪತ್ರಿಕೆ ತೆಗೆದು ಪ್ಯಾಸೇಜನ್ನು ಎರಡು ಸಲ ಓದಿದೆ. ಸರಿ ಎಂದೆ. "ಅಂಗಾರ ಸೌದ ಯಾರ್ ತಕ್ಕಂಡ್ರು?" ಎಂದು ಅತ್ತೆ ಕೇಳಿದರು. ಸೊಸೆ, "ಅದ ಕೇಳಿಲ್ಲ ಅತ್ತ," ಎಂದು ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಳಿಗೆ ಗಂಡು ಮಗುವಾಯಿತು. ಹೆರಿಗೆ ಕಷ್ಟವಾಗಲಿಲ್ಲ ಎಂದು ಅತ್ತೆಯೇ ಬಂದು ಹೇಳಿದರು. ಫಲಿತಾಂಶ ಬಂದಾಗ ಅವಳು ತವರಿನಲ್ಲಿ ಬಾಣಂತಿ. ನಂಬರು ನಾನೇ ನೋಡಿದೆ. ಇಂಗ್ಲಿಷಿನಲ್ಲಿ ಪಾಸಾಗಿದ್ದಳು, ದೊಡ್ಡ ಅಂಕವೇನೂ ಅಲ್ಲ. ಲಾರಿ ಶೆಡ್ಡಿನವನು ಆ ಸಲವೂ ಹೋದ. ಅದರ ಮುಂದಿನ ಸಲ ಪಾಸಾಗಿ, ಆದರೂ ಲಾರಿಯಲ್ಲೇ ಉಳಿದು, ಸ್ವಂತದ್ದೊಂದು ಗಾಡಿ ಮಾಡಿಕೊಂಡ ಎಂದು ಕೇಳಿದೆ.

ಅಂಗನವಾಡಿ ತಕ್ಷಣಕ್ಕೆ ಬರಲಿಲ್ಲ. ಬರುತ್ತದೆ ಬರುತ್ತದೆ ಎಂದೇ ಬಹಳ ಕಾಲ ಕಳೆಯಿತು. ಬಂದಾಗಲೂ ಅವರ ಊರಿಗೆ ಬರಲಿಲ್ಲ, ಪಕ್ಕದ ಊರಿಗೆ ಬಂತು. ಆ ಊರಿನಲ್ಲಿ ಪಾಸಾದ ಹೆಂಗಸರು ಯಾರೂ ಅರ್ಜಿ ಹಾಕಲಿಲ್ಲವಾದ್ದರಿಂದ ಕೆಲಸ ಇವಳಿಗೆ ಸಿಕ್ಕಿತು. ಅಷ್ಟರಲ್ಲಿ ನಾನು ಬಿ.ಇಡಿ. ಮುಗಿಸಿ, ಹರವೆಯ ಕಡೆಯ ಒಂದು ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ್ದೆ. ಚಾಮರಾಜನಗರವೂ ಜಿಲ್ಲೆಯಾಗಿತ್ತು.

ಬೇಗೂರಿನಲ್ಲಿ ಒಂದು ಮದುವೆಗೆ ಹೋದಾಗ, ಸಮಯ ಇತ್ತೆಂದು ಅವಳನ್ನು ನೋಡಲು ಹೋದೆ. ಒಂದೇ ಕೋಣೆಯ ಅಂಗನವಾಡಿ. ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿತ್ತು. ಅವಳು ಮಕ್ಕಳನ್ನು ಸಾಲಾಗಿ ಕೂರಿಸಿ ತಟ್ಟೆ ಹಾಕುತ್ತಿದ್ದಳು. ಅವಳ ಮಗನೂ ಆ ಸಾಲಿನಲ್ಲೇ ಕೂತಿದ್ದ. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. ಮಂಡಿನೋವು ಜಾಸ್ತಿಯಾಗಿದೆ, ಆದರೂ ಬೇಡ ಅಂದರೆ ಕೇಳುವುದಿಲ್ಲ, ಬೆಳಿಗ್ಗೆಯೇ ಹೊಲಕ್ಕೆ ಹೋಗಿದ್ದಾರೆ ಎಂದಳು. ಕಾಯ್ತೀರಾ, ಸಂಜೆ ಬರ್ತಾರೆ ಎಂದಳು. ನನಗೆ ಬಸ್ಸಿನ ಹೊತ್ತಾಗಿತ್ತು. ಬಾಗಿಲಲ್ಲಿ ನಿಂತೇ ಸ್ವಲ್ಪ ಮಾತಾಡಿದೆವು. ಹಸಿವಾಗಿ ಒಂದು ಮಗು ಅಳಲು ಶುರು ಮಾಡಿತು, ಅವಳು ಸೌಟು ತೆಗೆದುಕೊಂಡು ಒಳಗೆ ಹೋದಳು. ನಾನು ಬೇಗೂರಿನ ಕಡೆ ನಡೆದೆ.